ಹದಿನಾಲ್ಕನೆಯ ಹಾಡಿನ ಜವಾಬ್

ಅಣ್ಣ ತೀರಿಕೊಳ್ಳುವ ಹಿಂದಿನ ದಿನ ನಾನು ತುರೋರಿಯಲ್ಲಿ ಏಣಿಯ ಮೇಲಿದ್ದೆ. ಹೆದ್ದಾರಿ ಬದಿಯ ಟೈರಿನ ಅಂಗಡಿಯೊಂದಕ್ಕೆ ನಾಲ್ಕು ಕ್ಯಾಮೆರಾ ಕೂಡಿಸುವ ಕೆಲಸ ಅದು. ನನ್ನ ಅಂಗಡಿ ಇರುವುದು ಮರಾಠಿ ಸೀಮೆಯ ಉಮರ್ಗಾದಲ್ಲಿ. ಅಣ್ಣ ನಿಲಂಗಾದಿಂದ ಬಸ್ಸಿನಲ್ಲಿ ಅಲ್ಲಿಗೆ ಬಂದು, ಅಂಗಡಿಗೆ ಬೀಗ ಹಾಕಿದ್ದನ್ನು ನೋಡಿ, ಪಕ್ಕದ ಚಹಾದವನನ್ನು ಕೇಳಿಕೊಂಡು ತುರೋರಿಯವರೆಗೂ ಬಂದಿದ್ದ. ಹೆಗಲ ಮೇಲೆ ಕಂಬಳಿ. ಅಂಗಿಯ ಕಿಸೆಯಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಲೆತ್ತಿ ತೋರಿಸಿದ. ತನ್ನ ಕ್ಯಾಸೆಟ್ಟುಗಳನ್ನೆಲ್ಲ ಉದಗೀರದಲ್ಲಿ ಕೊಟ್ಟು ಅದರೊಳಗೆ ತುಂಬಿಸಿಕೊಂಡು ಬಂದಿದ್ದ. ಇಪ್ಪತ್ತೆರಡು ಹಾಡು.

"ನೀ ಮಂದಿ ಮನಿಗೆಲ್ಲ ಕಣ್ಣು ಕೂಡಸ್ತಿ," ಅಂದ. "ನಮ್ಮ ಮನಿಗಿ ಒಂದು ಬಾಯಿ ಕೂಡಸು."

ಹಾಗೊಂದು ಡಬ್ಬಿ ಮಾಡಬಹುದೆಂದು ನಾನೇ ಯಾವಾಗಲೋ ಹೇಳಿದ್ದೆ. ಅಂಗೈಯಗಲದ ಒಂದೇ ಬೋರ್ಡಿನ ಕಂಪ್ಯೂಟರ್ ಇರುತ್ತದೆ, ಅದನ್ನು ಮನೆಯ ವೈಫೈಗೆ ಸೇರಿಸಿ ಸ್ಪೀಕರಿಗೆ ಕೊಟ್ಟರೆ, ಮನೆಗೆ ಬಂದವರು ತಮ್ಮ ತಮ್ಮ ಫೋನಿನಿಂದಲೇ ಬೇಕಾದ ಹಾಡು ಹಚ್ಚಬಹುದು ಎಂದು. ಅಣ್ಣ ಅದನ್ನು ಮರೆತಿರಲಿಲ್ಲ. ತನ್ನ ಹೆಂಡತಿಯ, ಅಂದರೆ ನನ್ನ ವೈನಿಯ, ಕಣ್ಣು ಮಂದವಾಗಿದೆ, ಫೋನಿನ ಅಕ್ಷರ ಕಾಣುವುದಿಲ್ಲ, ಅವಳಿಗೆ ಒಂದು ಬಟನ್ ಸಾಕು ಎಂದ. ನಾನು ಡ್ರಿಲ್ ಹಿಡಿದುಕೊಂಡೇ ಹೂಂ ಅಂದೆ.

"ಜರಾ ಕೆಳಗ ಬಾ ತಮ್ಮಾ, ಒಂದು ಮಾತ ಹೇಳದು ಅದ."

ಎರಡು ತೂತು ಬಾಕಿ ಇದ್ದವು. ಲಾರಿಗಳ ಸದ್ದಿನಲ್ಲಿ ಕೂಗಿ ಹೇಳಿದೆ, ಸಂಜೆಗೆ ಫೋನ್ ಮಾಡು ಎಂದು. ಅದು ಫೋನಿನಲ್ಲಿ ಹೇಳುವ ಮಾತಲ್ಲ ಅಂದ. ಟೈರಿನವರು ಇಬ್ಬರಿಗೂ ಚಹಾ ತರಿಸಿದರು. ತಾನು ಚಹಾ ಕುಡಿದು, ನನ್ನ ಚಹಾದ ಕಪ್ಪನ್ನು ಏಣಿಯ ಮೂರನೆಯ ಮೆಟ್ಟಿಲ ಮೇಲೆ ಇಟ್ಟು, ಪೆನ್‌ಡ್ರೈವನ್ನು ನನ್ನ ಸಾಮಾನಿನ ಚೀಲಕ್ಕೆ ಹಾಕಿ, ಬರ್ತೀನಿ ಎಂದು ಹೇಳಿ ಬಸ್ಸು ಹತ್ತಿದ. ನಾನು ಇಳಿಯುವಷ್ಟರಲ್ಲಿ ಚಹಾ ಆರಿತ್ತು.

ಮರುದಿನ ಮಧ್ಯಾಹ್ನ ಕುರಿಯ ಉಣ್ಣೆ ಕತ್ತರಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಅಣ್ಣ ನಡೆಸುತ್ತಿದ್ದದ್ದು ಬೀರಪ್ಪ ದೇವರ ಡೊಳ್ಳಿನ ಹಾಡಿನ ಮೇಳ. ಮುಂದಿನ ದನಿ ಅವನದು. ಹಿಂದಿನಿಂದ ಹಿಡಿದು ಹಾಡುವವರು ಮುರುಮದವರೊಬ್ಬರು, ಅಲ್ಲಿಯ ಧಾನ್ಯದ ಅಂಗಡಿಯೊಂದರಲ್ಲಿ ಚೀಲ ತೂಗುವ ಕೆಲಸದವರು, ಅಣ್ಣನಿಗಿಂತ ಹಿರಿಯರು. ನಾನು ಅವರನ್ನು ಕಾಕಾ ಅನ್ನುತ್ತೇನೆ. ನಾನು ಹತ್ತನೆಯ ತರಗತಿ ಮುಗಿಸಿ, ವಾಯರಿನ ಕೆಲಸ ಕಲಿತು, ಕುರಿಗಳಿಂದಲೂ ಡೊಳ್ಳಿನಿಂದಲೂ ದೂರ ಹೋದವನು. ಮೇಳದ ಒಳಗಿನ ರೀತಿಗಳು ನನಗೆ ಹೊರಗಿನವರಿಗೆ ಗೊತ್ತಿರುವಷ್ಟೇ ಗೊತ್ತು.

ಗೊತ್ತಿದ್ದದ್ದು ಇಷ್ಟು. ಎರಡು ಮೇಳಗಳು ಎದುರುಬದುರು ಕೂತಾಗ ಒಂದು ಮೇಳ ಹಾಡಿನಲ್ಲೇ ಸವಾಲ್ ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬ್ ಕೊಡಬೇಕು. ಎದುರಿನವರಿಗೆ ಬರದಿದ್ದರೆ ಸವಾಲ್ ಹಾಕಿದವರು ಅದನ್ನು ಮುಂದಿನ ಊರಿಗೆ ಒಯ್ಯುತ್ತಾರೆ. ಮೂರು ಊರುಗಳಲ್ಲಿ ಯಾರೂ ಬಿಡಿಸದಿದ್ದರೆ ನಾಲ್ಕನೆಯ ಊರಿನಲ್ಲಿ ಹಾಕಿದವರೇ ಜವಾಬ್ ಹಾಡಬೇಕು. ಹಾಡದಿದ್ದರೆ ಆ ಸವಾಲ್ ಪೊಳ್ಳು, ಅದಕ್ಕೆ ಜವಾಬೇ ಇರಲಿಲ್ಲ ಎಂದು ಲೆಕ್ಕ. ಕಟ್ಟಿದವನ ಹೆಸರಿಗೆ ಅದಕ್ಕಿಂತ ದೊಡ್ಡ ಕುಂದು ಇಲ್ಲ.

ಅಣ್ಣ ಕಟ್ಟಿದ ಸವಾಲ್ ಮೂರು ಊರು ದಾಟಿತ್ತು. ಅದರ ಪಲ್ಲವಿ ನನಗೂ ಬಾಯಿಗೆ ಬರುತ್ತದೆ:

ಎಣಿಸಿದರ ನೂರು, ಎಣಿಸದಿರೆ ನೂರೊಂದು,
ಹೆಚ್ಚಿನದು ಯಾರ ಕುರಿ ಹೇಳೋ.

ನಾಲ್ಕನೆಯ ಊರು ಶಿರೂರ ಅನಂತಪಾಳದ ಹತ್ತಿರದ ಒಂದು ಹಳ್ಳಿ. ಅಲ್ಲಿಯ ಬೀರಪ್ಪನ ಗುಡಿಯವರು ಮೇಳಕ್ಕೆ ಆಗಲೇ ಹೇಳಿ ಕಳಿಸಿದ್ದರು. ಅಷ್ಟರಲ್ಲಿ ಅಣ್ಣ ಹೋದ.

ದಿನಕರ್ಮ ಮುಗಿದ ಮೇಲೆ ವೈನಿ ನನ್ನನ್ನು ಕರೆದು, ಅವರು ಹೇಳಿ ಹೋಗಿದ್ದನ್ನು ಮಾಡಿಕೊಡಿ, ಮನೆಯಲ್ಲಿ ಸಪ್ಪಳವೇ ಇಲ್ಲ ಎಂದರು. ನಾನು ಬೋರ್ಡು ತರಿಸಿದೆ.

ಆ ಬೋರ್ಡಿಗೆ ತನ್ನದೆಂಬ ಡಿಸ್ಕ್ ಇಲ್ಲ. ಬೆರಳ ತುದಿಯಷ್ಟಿರುವ ಮೆಮರಿ ಕಾರ್ಡಿನಿಂದಲೇ ಅದು ಏಳುತ್ತದೆ. ಹಾಡು ನುಡಿಸಲೆಂದೇ ಮಾಡಿದ, ಪುಕ್ಕಟೆ ಸಿಗುವ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು ಕಾರ್ಡಿಗೆ ಬರೆದೆ. ಬರೆದದ್ದು ಸರಿಯಿದೆಯೇ ಎಂದು ತಾಳೆ ನೋಡುವ ಹಂತವೊಂದಿದೆ. ಅವಸರದವರು ಅದನ್ನು ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ನನ್ನ ಧಂದೆ ಅನುಮಾನದ ಮೇಲೆ ನಡೆಯುವಂಥದ್ದು, ಅನುಮಾನ ಇಲ್ಲದವರು ಕ್ಯಾಮೆರಾ ಹಾಕಿಸುವುದಿಲ್ಲ. ಹದಿನೈದು ವರ್ಷ ಅಂಥವರ ಮನೆಗಳಲ್ಲಿ ಏಣಿ ಹತ್ತಿ ಹತ್ತಿ ಅವರ ಬುದ್ಧಿ ನನಗೂ ಬಂದಿದೆ.

ಮೊದಲ ತೊಂದರೆ ವಿದ್ಯುತ್ತಿನದು. ನನ್ನ ಅಂಗಡಿಯಲ್ಲಿ ಇಟ್ಟು ನೋಡಿದಾಗ ಎರಡು ಹಾಡು ಚೆನ್ನಾಗಿ ನಡೆದು ಮೂರನೆಯದರ ನಡುವೆ ಬೋರ್ಡು ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬೋರ್ಡಿನ ಅಂಚಿನಲ್ಲಿ ಒಂದು ಗೀರು ಕಂಡಿತು. ಬಳಸಿದ ಮಾಲನ್ನು ಹೊಸದೆಂದು ಕೊಟ್ಟಿದ್ದಾನೆ ಎಂದು ತೀರ್ಮಾನಿಸಿ ಮಾರಿದವನಿಗೆ ಫೋನ್ ಮಾಡಿ ಗಟ್ಟಿಯಾಗಿ ಮಾತಾಡಿದೆ. ಆಮೇಲೆ ಮೀಟರ್ ಹಿಡಿದು ನೋಡಿದರೆ ಚಾರ್ಜರಿನ ಬಾಯಲ್ಲಿ ಐದು ವೋಲ್ಟ್ ಇದ್ದದ್ದು ಬೋರ್ಡಿಗೆ ಮುಟ್ಟುವಾಗ ನಾಲ್ಕೂವರೆಗೆ ಇಳಿದಿತ್ತು. ಕ್ಯಾಮೆರಾ ಕೆಲಸದಲ್ಲಿ ಉಳಿದ ಮೂರು ಮೀಟರಿನ ತೆಳ್ಳನೆಯ ಕೇಬಲ್ ಹಾಕಿದ್ದು ನಾನೇ. ಗಿಡ್ಡ, ದಪ್ಪ ಕೇಬಲ್ಲಿನ ಮೂರು ಆಂಪಿಯರಿನ ಅಡಾಪ್ಟರ್ ಹಾಕಿದ ಮೇಲೆ ಒಮ್ಮೆಯೂ ಆರಲಿಲ್ಲ. ಮಾರಿದವನಿಗೆ ಮತ್ತೆ ಫೋನ್ ಮಾಡಿ ತಪ್ಪು ನನ್ನದು ಎನ್ನಬೇಕಿತ್ತು. ಮಾಡಲಿಲ್ಲ.

ಎರಡನೆಯದು ಧ್ವನಿ. ಬೋರ್ಡಿನದೇ ಸ್ಪೀಕರ್ ತೂತಿನಿಂದ ಬರುವ ಧ್ವನಿಯಲ್ಲಿ ಸಣ್ಣ ಶಿಳ್ಳೆ ಇತ್ತು. ಅಂಕಿಗಳ ರೂಪದ ಹಾಡನ್ನು ಸ್ಪೀಕರಿಗೆ ತಿಳಿಯುವ ಧ್ವನಿಯಾಗಿ ಮಾಡುವ ಇನ್ನೊಂದು ಚಿಕ್ಕ ಬೋರ್ಡು ಬರುತ್ತದೆ. ಅದನ್ನು ಈ ಬೋರ್ಡಿನ ನಲವತ್ತು ಪಿನ್ನುಗಳ ಮೇಲೆ ಕೂಡಿಸಿ ಒತ್ತಬೇಕು. ಒತ್ತಿದೆ. ಎಲ್ಲ ದೀಪಗಳೂ ಹೊತ್ತಿದವು, ಪರದೆಯ ಮೇಲೆ ಹಾಡು ಓಡುತ್ತಿತ್ತು, ಧ್ವನಿ ಮಾತ್ರ ಇಲ್ಲ. ಅರ್ಧ ದಿನ ಹೋಯಿತು. ಕಡೆಗೆ ನೋಡಿದರೆ ಸೆಟ್ಟಿಂಗಿನಲ್ಲಿ ಧ್ವನಿ ಹೊರಡುವ ದಾರಿ ಇನ್ನೂ ಟೀವಿಯ ಕಡೆಗೇ ಇತ್ತು. ಇಲ್ಲದ ಟೀವಿಗೆ ಅಣ್ಣ ಹಾಡುತ್ತಿದ್ದ. ದಾರಿ ಬದಲಿಸಿದ ಕೂಡಲೇ ಅಂಗಡಿಯ ತುಂಬ ಅವನ ದನಿ ಬಂತು. ಬಾಗಿಲು ಎಳೆದುಕೊಂಡು ಆ ಹಾಡನ್ನು ಕೊನೆಯವರೆಗೆ ಕೇಳಿದೆ.

ನಿಲಂಗಾದ ಮನೆಯಲ್ಲಿ ಮೇಳದ ಹಳೆಯ ಆಂಪ್ಲಿಫೈಯರಿಗೆ ಡಬ್ಬಿ ಸೇರಿಸಿದೆ. ರೂಟರಿನಲ್ಲಿ ಅದಕ್ಕೊಂದು ಕಾಯಂ ವಿಳಾಸ ಕೊಟ್ಟೆ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗಿ ಫೋನುಗಳಿಗೆ ಸಿಗುವುದಿಲ್ಲ. ನೆಟ್‌ವರ್ಕಿನಲ್ಲಿ ಕಾಣುವ ಹೆಸರು 'ಅಣ್ಣ' ಎಂದಿಟ್ಟೆ. ವೈನಿಯ ಮಂಚದ ಬದಿಗೆ ಒಂದು ಡೋರ್‌ಬೆಲ್ಲಿನ ಸ್ವಿಚ್ಚು ಹಾಕಿ, ಅದರ ಎರಡು ವಾಯರುಗಳನ್ನು ಬೋರ್ಡಿನ ಪಿನ್ನುಗಳಿಗೆ ಕೊಟ್ಟೆ. ಒಮ್ಮೆ ಒತ್ತಿದರೆ ಹಾಡು, ಇನ್ನೊಮ್ಮೆ ಒತ್ತಿದರೆ ಬಂದ್, ಮತ್ತೆ ಒತ್ತಿದರೆ ನಿಂತಲ್ಲಿಂದಲೇ ಮುಂದಕ್ಕೆ. ನೀರಿನ ಮೋಟಾರು ಹಚ್ಚಿದಾಗಲೆಲ್ಲ ಯಾರೂ ಒತ್ತದೆ ಹಾಡು ಶುರುವಾಗುತ್ತಿತ್ತು. ಉದ್ದನೆಯ ವಾಯರು ಮೋಟಾರಿನ ಕಿಡಿಯನ್ನು ಹಿಡಿಯುತ್ತಿತ್ತು. ಸ್ವಿಚ್ಚು ಅರೆಕ್ಷಣವಾದರೂ ಒತ್ತಿಹಿಡಿದಿದ್ದರೆ ಮಾತ್ರ ಲೆಕ್ಕಕ್ಕೆ ತಗೋ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಅದು ನಿಂತಿತು. ವೈನಿಗೆ ಮಾತ್ರ ಅದು ನಿಂತದ್ದು ಇಷ್ಟವಾಗಲಿಲ್ಲ. ನೀರು ಬಿಟ್ಟಾಗ ಹಾಡುವುದು ಅವರ ರೂಢಿಯೇ ಇತ್ತು ಎಂದರು.

ವೈನಿಗೆ ಹೇಳದೆ ಇನ್ನೊಂದು ಕೆಲಸ ಮಾಡಿದೆ. ಗಿರಾಕಿಗಳ ಕ್ಯಾಮೆರಾಗಳಿಗೆ ಇಟ್ಟುಕೊಳ್ಳುವ ಹಾಗೆ, ಉಮರ್ಗಾದಿಂದಲೇ ಡಬ್ಬಿಯ ಒಳಗೆ ಇಣುಕುವ ಒಂದು ದಾರಿ ಇಟ್ಟುಕೊಂಡೆ. ಕೆಟ್ಟರೆ ದೂರದಿಂದಲೇ ಸರಿಮಾಡಬಹುದು ಎಂಬ ನೆಪ ಇತ್ತು.

ಎರಡು ದಿನ ಹಾಡುಗಳ ಹೆಸರು ಬರೆಯುತ್ತ ಒಂದೊಂದನ್ನೂ ಕೇಳಿದೆ. ಹದಿನಾಲ್ಕನೆಯದು ಆ ಸವಾಲಿನ ಹಾಡು. ಸವಾಲಿನ ಕೊನೆಯ ನುಡಿ ಮುಗಿಯುತ್ತದೆ, ಡೊಳ್ಳು ಒಂದು ಸುತ್ತು ಬರುತ್ತದೆ, ನೇರವಾಗಿ ಮುಕ್ತಾಯದ ನುಡಿ. ಊರು, ಗುರು, ಬೀರಪ್ಪ, ಕಟ್ಟಿದ ಅಣ್ಣನ ಹೆಸರು, ಮುಗಿಯಿತು. ನಡುವೆ ಜವಾಬ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಧ್ವನಿಯ ಗೆರೆಗಳನ್ನು ಹಿಗ್ಗಿಸಿ ನೋಡಿದೆ. ಅಲ್ಲಿ ಗೆರೆ ಕತ್ತರಿಸಿ ಜೋಡಿಸಿದ ಹಾಗೆ ಇತ್ತು. ಒಂದು ತುಂಡಿನ ಕೊನೆ, ಇನ್ನೊಂದರ ಮೊದಲು, ನಡುವೆ ಉಸಿರಿನಷ್ಟೂ ಜಾಗವಿಲ್ಲ. ತಿದ್ದಿದ ರೆಕಾರ್ಡಿಂಗ್ ನಾನು ನೋಡಿದ್ದೇನೆ. ಅಂಗಡಿಯ ಕಳವಿನ ಹತ್ತು ನಿಮಿಷವನ್ನು ಅಳಿಸಿ ಮುಗ್ಧರಂತೆ ನಿಂತವರನ್ನೂ ನೋಡಿದ್ದೇನೆ. ಇದು ಅದೇ ಎಂದುಕೊಂಡೆ.

ಉದಗೀರಕ್ಕೆ ಹೋದೆ. ಕ್ಯಾಸೆಟ್ಟಿನ ಅಂಗಡಿಯವರು ಬಜಾರದ ಹಳೆಯ ಶರಣರ ಮನೆತನದವರು, ಹಣೆಯ ಮೇಲೆ ವಿಭೂತಿ, ಈಗ ಮದುವೆಯ ವಿಡಿಯೋ ಮಾಡುತ್ತಾರೆ. "ಬಸಾ, ಬಸಾ" ಎಂದು ಮರಾಠಿಯಲ್ಲಿ ಕೂರಿಸಿ, ಅಣ್ಣನ ಹೆಸರು ಹೇಳಿದ ಮೇಲೆ ಕನ್ನಡಕ್ಕೆ ತಿರುಗಿ ಬಹಳ ಮರುಗಿದರು. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಎದುರು ಮೇಳದವರ ಕ್ಯಾಸೆಟ್ಟುಗಳು ಸಾಲಾಗಿ ಇದ್ದವು. ನಾನು ಅವನ್ನೇ ನೋಡುತ್ತ ಹದಿನಾಲ್ಕನೆಯ ಹಾಡಿನ ವಿಚಾರ ತೆಗೆದೆ. ಬಂದದ್ದನ್ನು ಬಂದ ಹಾಗೆ ತುಂಬಿದ್ದೇವೆ, ಖರಖರ ಅನ್ನುವುದನ್ನಷ್ಟೇ ಸೋಸಿದ್ದೇವೆ ಎಂದರು. ಕ್ಯಾಸೆಟ್ಟು ಕೊಡಿ ಎಂದೆ. ಒಂದು ಚೀಲ ತಂದಿಟ್ಟರು. ಎಣಿಸಿದೆ. ಹದಿನಾಲ್ಕನೆಯ ಹಾಡಿನದು ಮಾತ್ರ ಇರಲಿಲ್ಲ.

"ಅದು ನಿಮ್ಮ ಅಣ್ಣಾರೇ ತಿರುಗಿ ಒಯ್ದಾರ್ರೀ," ಎಂದರು. "ಕೆಲಸ ಮುಗಿದ ದಿನಾನೇ ಒಯ್ದಾರ."

"ಉಳಿದವ್ನೆಲ್ಲ ಬಿಟ್ಟು ಅದೊಂದೇ?"

"ಅದೊಂದೇ." ನನ್ನ ಮುಖ ನೋಡಿ, "ನೀವು ಕ್ಯಾಮೆರಾದವರಲ್ಲೇನ್ರೀ?" ಎಂದು ಕೇಳಿದರು. ಹೌದು ಎಂದೆ. "ಹಂಗ ಕಾಣಸ್ತದ," ಎಂದು ಚೀಲ ನನ್ನ ಕಡೆ ಸರಿಸಿದರು.

ನಾನು ಅವರ ಮಾತನ್ನು ನಂಬಲಿಲ್ಲ.

ಉಮರ್ಗಾಕ್ಕೆ ಬಂದ ಮೇಲೆ ಡಬ್ಬಿಯ ದಾಖಲೆ ತೆಗೆದು ನೋಡಿದೆ. ಯಾವ ಹಾಡು ಯಾವಾಗ ನುಡಿಯಿತು, ಯಾವ ಫೋನಿನಿಂದ ಕೇಳಿದರು ಎಂಬುದನ್ನು ಅದು ಸಾಲು ಸಾಲಾಗಿ ಬರೆದಿಡುತ್ತದೆ. ವೈನಿಯ ಸ್ವಿಚ್ಚಿನ ಗುರುತು ಬೇರೆ. ನನ್ನ ಫೋನು ಗೊತ್ತು. ಇವೆರಡನ್ನು ಬಿಟ್ಟು ಮೂರನೆಯದೊಂದು ಫೋನು ಇತ್ತು, ಹೆಸರಿಲ್ಲದ್ದು, ಬರೀ ಅಂಕಿ ಅಕ್ಷರ. ಸೋಮವಾರ ಮಧ್ಯಾಹ್ನ ಬಂದು ಹದಿನಾಲ್ಕನೆಯ ಹಾಡನ್ನು ಹಚ್ಚುತ್ತದೆ. ಮೊದಲಿಂದ ಅಲ್ಲ. ಸವಾಲಿನ ಕೊನೆಯ ನುಡಿಯಿಂದ. ಕತ್ತರಿಸಿದ ಜಾಗ ದಾಟಿದ ಕೂಡಲೇ ಹಿಂದಕ್ಕೆ, ಮತ್ತೆ ಅಲ್ಲಿಂದ. ಒಂದು ಸೋಮವಾರ ಹನ್ನೊಂದು ಸಲ.

ಸೋಮವಾರ ಮುರುಮದಲ್ಲಿ ಕಾಕಾನ ಅಂಗಡಿಗೆ ಸೂಟಿ.

ಅದಾದ ಮೇಲೆ ನನ್ನ ತಲೆ ಒಂದೇ ದಿಕ್ಕಿಗೆ ಓಡಿತು. ಕಾಕಾ ಉದಗೀರದವರನ್ನು ಹಿಡಿದು ಜವಾಬನ್ನು ಕತ್ತರಿಸಿಕೊಂಡಿದ್ದಾರೆ, ಈಗ ತಮ್ಮದೆಂದು ನಾಲ್ಕನೆಯ ಊರಿನಲ್ಲಿ ಹಾಡಲು ಸಾಲು ಕೂಡಿಸುತ್ತಿದ್ದಾರೆ, ಕ್ಯಾಸೆಟ್ಟೂ ಅವರ ಹತ್ತಿರವೇ ಇದೆ. ಮೇಳ ಅವರ ಹೆಸರಿಗೆ ಹೋಗುತ್ತದೆ, ಅಣ್ಣನ ಹೆಸರು ಮುಕ್ತಾಯದ ನುಡಿಯಲ್ಲಿ ಸಹ ಉಳಿಯುವುದಿಲ್ಲ. ಸಾವಿನ ಮನೆಯಲ್ಲಿ ಅವರು ಅತ್ತದ್ದನ್ನೂ ಮತ್ತೆ ನೆನೆಸಿಕೊಂಡು ತೂಗಿ ನೋಡಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಗೆ ಯೋಚಿಸಿಕೊಂಡು ಇದ್ದಾಗ ಅಣ್ಣ ಇಲ್ಲ ಎಂಬುದನ್ನು ಯೋಚಿಸಬೇಕಾಗಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಒಂದು ಸಣ್ಣ ಕ್ಯಾಮೆರಾ ಚೀಲದಲ್ಲಿಟ್ಟುಕೊಂಡು ನಿಲಂಗಾಕ್ಕೆ ಹೋದೆ. ಡಬ್ಬಿಯ ಎದುರಿನ ಗೋಡೆಯ ಮೇಲೆ ದೇವರ ಫೋಟೋಗಳ ಸಾಲು ಇದೆ. ಅವುಗಳ ನಡುವೆ ಕೂಡಿಸಿದರೆ ಯಾರಿಗೂ ಕಾಣುವುದಿಲ್ಲ. ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಸ್ಟೂಲು ಹತ್ತಿ ನಿಂತೆ. ರೊಟ್ಟಿಯ ಸಪ್ಪಳ ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಅದೇನ್ರೀ ಭಾವಜಿ?"

ಕಳ್ಳರ ಕಾಟ ಹೆಚ್ಚಾಗಿದೆ, ಅದಕ್ಕೆ ಎಂದೆ. ಕಣ್ಣು ಮಂದವಾದವರಿಗೆ ಮಾತು ಚೆನ್ನಾಗಿ ಕಾಣುತ್ತದೆ.

"ಕಳ್ಳರು ಇಲ್ಲಿಗಿ ಯಾಕ ಬರ್ತಾರ. ಸೋಮವಾರಕ್ಕ ಮುರುಮದವರು ಬರ್ತಾರ. ಅವರಿಗಿ ನೋಡೂದಿದ್ರ ಎದುರಿಗಿ ಕುಂತು ನೋಡ್ರಿ, ನಾ ಚಾ ಮಾಡ್ತೀನಿ." ಸ್ಟೂಲಿಗೆ ಕೈ ಹಚ್ಚಿ ಹೇಳಿದರು, "ಕೆಳಗ ಇಳೀರಿ."

ನಾನು ಸ್ಟೂಲಿನ ಮೇಲೆ ಸ್ಕ್ರೂ ಹಿಡಿದುಕೊಂಡು ನಿಂತಿದ್ದೆ. ತುರೋರಿಯ ಏಣಿ ನೆನಪಾಯಿತು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಕೆಳಗಿಳಿದೆ. ಈ ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ ಇರಬೇಕು.

ಮಧ್ಯಾಹ್ನ ಕಾಕಾ ಬಂದರು. ನನ್ನನ್ನು ನೋಡಿ ಹೊಸ್ತಿಲಲ್ಲೇ ಒಂದು ಕ್ಷಣ ನಿಂತರು. ಆ ನೋಟ ನನಗೆ ಗೊತ್ತು, ನಾನೇ ಮಂದಿಯನ್ನು ನೋಡುವ ನೋಟ. ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು. ಕುರಿಗಳ ಮಾತು, ಮುರುಮದಲ್ಲಿ ಕಬ್ಬಿನ ಗಾಡಿಗಳ ಗದ್ದಲದ ಮಾತು ಆಯಿತು. ಚಹಾ ಮುಗಿಯಿತು. ಫೋನು ಅವರ ಕೈಯಲ್ಲೇ ಇತ್ತು, ಹಾಡು ಹಚ್ಚಲಿಲ್ಲ.

"ತಮ್ಮಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ," ಎಂದರು ಕಡೆಗೆ. "ಅಂವಾ ಹೋಗೂ ಹಿಂದಿನ ದಿನ ನಿನ್ನ ಕಡಿ ಬಂದಿದ್ದ. ಜವಾಬ್ ನಿನ್ನ ಕಿವ್ಯಾಗ ಹಾಕ್ಯಾನೋ ಇಲ್ಲೋ?"

"ಅದು ನಿಮ್ಮ ಹತ್ರ ಅದ ಅಂತ ತಿಳದೀನಿ ಕಾಕಾ," ಎಂದೆ.

"ನನ್ನ ಹತ್ರ ಇದ್ರ ಸೋಮವಾರಕ್ಕೊಮ್ಮೆ ಬಸ್ಸಿನಾಗ ತೂಕಡಿಸ್ಕೋತ ಇಲ್ಲಿಗಿ ಯಾಕ ಬರ್ತಿದ್ದೆ? ಆ ಹಾಡಿನಾಗ ಅಂವಾ ಎಲ್ಲಿಯರೆ ಒಂದು ಸುಳಿವು ಬಿಟ್ಟಾನೇನು ಅಂತ ಕೇಳಿ ಕೇಳಿ ಕಿವಿ ಗುಂಯ್ ಅಂತದ. ನೀ ಇಟ್ಕೊಂಡು ಕುಂತೀ ಅಂತ ಮಂದಿ ಅಂತಾರ. ನಾನೂ ಅಂದೀನಿ, ಸುಳ್ಳು ಯಾಕ ಹೇಳಲಿ."

ಅಡುಗೆಮನೆಯ ಬಾಗಿಲಲ್ಲಿ ವೈನಿ ನಿಂತಿದ್ದರು.

"ಇಬ್ಬರೂ ಗಂಡಸ್ರು ಒಬ್ಬರ ಕಿಸೆ ಒಬ್ಬರು ನೋಡ್ಕೋತ ಕುಂತೀರಿ," ಎಂದರು. "ನನಗ ಯಾರರೆ ಕೇಳೀರೇನು?"

ಕೇಳಿರಲಿಲ್ಲ. ಅವರ ದುಃಖ ಕೆದಕಬಾರದೆಂದು ಕೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೆಂದರೆ ಅವರಿಗೆ ಏನಾದರೂ ಗೊತ್ತಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ವೈನಿ ಒಳಗಿನಿಂದ ಹಳೆಯ ಟೇಪ್ ರೆಕಾರ್ಡರ್ ತಂದರು. ಅದರ ಮುಚ್ಚಳ ತೆರೆದರೆ ಒಳಗೆ ಕ್ಯಾಸೆಟ್ಟು ಇತ್ತು. ಹದಿನಾಲ್ಕನೆಯ ಹಾಡಿನದು. ಉದಗೀರದವರು ಹೇಳಿದ್ದು ನಿಜ, ಅಣ್ಣ ಅದನ್ನು ತಾನೇ ತಂದು ಅಲ್ಲಿಟ್ಟಿದ್ದ. ಬೆಲ್ಟು ಸಡಿಲವಾಗಿದ್ದರೂ ಯಂತ್ರ ತಿರುಗಿತು. ಸವಾಲಿನ ಕೊನೆಯ ನುಡಿ, ಡೊಳ್ಳಿನ ಸುತ್ತು. ಆಮೇಲೆ ಸುಸ್ ಎಂಬ ಸದ್ದಿನ ಅಡಿಯಲ್ಲಿ, ಮೈಕಿನಿಂದ ಮುಖ ತಿರುಗಿಸಿ, ಮೆಲ್ಲಗೆ, ಅಣ್ಣನ ಮಾತು:

"ಬಂದ್ ಮಾಡು."

ಠಕ್ ಎಂದು ಬಟನ್ನಿನ ಸದ್ದು. ಮತ್ತೊಂದು ಠಕ್. ಮುಕ್ತಾಯದ ನುಡಿ.

"ಬಂದ್ ಮಾಡಿದಾಕಿ ನಾನೇ," ಎಂದರು ವೈನಿ. "ಮನ್ಯಾಗ ನಾವಿಬ್ಬರೇ ಇದ್ವಿ. ಜವಾಬ್ ಮಶೀನಿಗಿ ಕೊಡಬಾರದಂತ. ಬಾಯಿಲಿಂದ ಕಿವಿಗೇ ಹೋಗಬೇಕಂತ, ಅದೂ ಒಬ್ಬರಿಗೇ. ಬಂದ್ ಮಾಡು, ಹೊರಗ ಹೋಗು ಅಂದ್ರು. ಹೋದೆ. ಮತ್ತ ಕರೆದ್ರು, ಬಂದು ಒತ್ತಿದೆ."

ಕಾಕಾ ಮುಂದಕ್ಕೆ ಬಾಗಿದರು. ಹೊರಗೆ ಹೋಗಿದ್ದಾಗ ಒಳಗೆ ಹಾಡಿದರೋ ಎಂದು ಕೇಳಿದರು.

"ಹಾಡಿದ್ರು. ಶುರು ಮಾಡಿದ್ದು ನಡುವ ಬಿಡಬಾರದಲ್ಲ, ಕೇಳವ್ರು ಇಲ್ದಿದ್ರೂ ಪೂರಾ ಹಾಡ್ಲೇಬೇಕು. ನಾ ಒಲಿ ಮುಂದ ಕುಂತಿದ್ದೆ. ಡೊಳ್ಳು ಕೇಳ್ತಿತ್ತು. ಮೂರು ನುಡಿ ಆದ್ವು. ಮಾತು ಕೇಳಲಿಲ್ಲ."

ಮೇಳದಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಕಾಕಾಗೆ ಜವಾಬ್ ಟೇಪಿನಲ್ಲಿ ಇರುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಅವರು ಕಿವಿ ಹುಡುಕುತ್ತಿದ್ದರು. ನಾನು ಟೇಪು ಹುಡುಕುತ್ತಿದ್ದೆ. ಎಲ್ಲವೂ ಎಲ್ಲೋ ರೆಕಾರ್ಡ್ ಆಗಿರುತ್ತದೆ, ಸಿಗದಿದ್ದರೆ ಯಾರೋ ಅಳಿಸಿದ್ದಾರೆ ಎಂಬುದು ನನ್ನ ಕೆಲಸದ ನಂಬಿಕೆ.

ಉದಗೀರದವರು ಮಾಡಿದ್ದೂ ತಿಳಿಯಿತು. ಇಷ್ಟಕ್ಕಿಂತ ಕಡಿಮೆಯಿರುವ ಸದ್ದನ್ನೆಲ್ಲ ತೆಗೆದುಹಾಕು ಎಂದು ಕಂಪ್ಯೂಟರಿಗೆ ಹೇಳುವ ಒಂದು ವ್ಯವಸ್ಥೆ ಇದೆ. ಟೇಪಿನ ಸುಸ್ ಸದ್ದಿನ ಜೊತೆಗೆ ಅಣ್ಣನ ಆ ಎರಡು ಮಾತೂ ಹೋಗಿದ್ದವು. ಠಕ್ ಎಂಬುದು ಕೇಳುವವರಿಗೆ ಕಿರಿಕಿರಿ ಎಂದು ಅದನ್ನೂ ತೆಗೆದು ಎರಡು ತುದಿಗಳನ್ನು ಅಂದವಾಗಿ ಜೋಡಿಸಿದ್ದರು. ಒಳ್ಳೆಯ ಕೆಲಸಗಾರರು ಮಾಡುವುದೇ ಹಾಗೆ. ನಾನು ಉದಗೀರಕ್ಕೆ ಮತ್ತೊಮ್ಮೆ ಹೋಗಿ ತಪ್ಪಾಯಿತು ಎಂದೆ. ಅವರು ಒಮ್ಮೆ ಬಸಾ ಎಂದು ತಮ್ಮ ಕೆಲಸಕ್ಕೆ ತಿರುಗಿದರು. ಬೋರ್ಡು ಮಾರಿದವನಿಗೂ ಫೋನ್ ಮಾಡಿದೆ. ಅವನಿಗೆ ನಾನು ಯಾರೆಂದು ನೆನಪಿರಲಿಲ್ಲ.

ಆ ಕ್ಯಾಸೆಟ್ಟನ್ನು ನಾನೇ ಮತ್ತೆ ತುಂಬಿಸಿದೆ. ಯಂತ್ರಕ್ಕೆ ಹೊಸ ಬೆಲ್ಟು ಹಾಕಿ, ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ದನಿ ಎಲ್ಲಿ ಹೆಚ್ಚು ಸ್ಪಷ್ಟವೋ ಅಲ್ಲಿ ನಿಲ್ಲಿಸಿದೆ. ಸೋಸುವ ಗೊಡವೆಗೆ ಹೋಗಲಿಲ್ಲ. ಸುಸ್ ಅನ್ನುವುದು, ಖರಖರ, ಎರಡು ಠಕ್, ಎಲ್ಲವೂ ಇದ್ದ ಹಾಗೆ ಇವೆ. ಹಳೆಯ ಹದಿನಾಲ್ಕನೆಯದನ್ನು ತೆಗೆದು ಇದನ್ನು ಇಟ್ಟೆ. ಆಮೇಲೆ ಉಮರ್ಗಾದಿಂದ ಇಣುಕುವ ದಾರಿಯನ್ನು ಮುಚ್ಚಿ, ಅದು ಇತ್ತು ಎಂಬುದನ್ನು ವೈನಿಗೆ ಹೇಳಿದೆ. ಈಗ ಕೆಟ್ಟರೆ ನಾನೇ ಬರಬೇಕಾಗುತ್ತದೆ ಎಂದೆ. ಬರ್ರಿ ಎಂದರು.

ಶಿರೂರ ಅನಂತಪಾಳದ ಕಡೆಯ ಆ ಊರಿಗೆ ಕಾಕಾ ಮೇಳ ಕಟ್ಟಿಕೊಂಡು ಹೋದರು. ಜವಾಬ್ ಹಾಡಬೇಕಾದ ಹೊತ್ತಿನಲ್ಲಿ ಎದ್ದು ನಿಂತು, ಜವಾಬ್ ಇದೆ, ನಮ್ಮ ಹತ್ತಿರ ಇಲ್ಲ ಎಂದು ಹೇಳಿ, ಹಾಡು ತುಂಬಿಸಿಕೊಂಡಿದ್ದ ಫೋನನ್ನು ಮೈಕಿಗೆ ಹಿಡಿದು ಆ ಎರಡು ಮಾತು ಕೇಳಿಸಿದರಂತೆ. ಎದುರು ಮೇಳದ ಮುಖ್ಯಸ್ಥರು ಇನ್ನೊಮ್ಮೆ ಹಚ್ಚಲು ಹೇಳಿದರಂತೆ. ಕೇಳಿ, ಜವಾಬ್ ಇಲ್ಲದವನು ಟೇಪು ಯಾಕೆ ಬಂದ್ ಮಾಡಿಸುತ್ತಾನೆ, ಸವಾಲ್ ಪೊಳ್ಳಲ್ಲ, ನಾವೂ ಬಿಡಿಸಲು ನೋಡುತ್ತೇವೆ ಎಂದರಂತೆ. ಬಿಡಿಸಿದ ಮೂರು ನಾಲ್ಕು ಬಗೆಗಳನ್ನು ಆಗಾಗ ಕಾಕಾ ನನಗೆ ಫೋನಿನಲ್ಲಿ ಹೇಳುತ್ತಾರೆ. ಚೆನ್ನಾಗಿಯೇ ಇರುತ್ತವೆ. ಅಣ್ಣನವು ಅನ್ನಿಸುವುದಿಲ್ಲ.

ವೈನಿ ಹದಿನಾಲ್ಕನೆಯದನ್ನು ದಿನಾಲೂ ಕೇಳುತ್ತಾರೆ. ಒಮ್ಮೆ ನಾನು ಅಲ್ಲೇ ಇದ್ದೆ. ಸವಾಲಿನ ಕೊನೆಯ ನುಡಿ ಮುಗಿದು, ಡೊಳ್ಳು ಒಂದು ಸುತ್ತು ಬಂದು, ಅಣ್ಣ ಬಂದ್ ಮಾಡು ಎಂದ. ವೈನಿ ಸ್ವಿಚ್ಚು ಒತ್ತಿದರು. ಎದ್ದು ಅಡುಗೆಮನೆಗೆ ಹೋದರು. ಮೂರು ನುಡಿ ಹಾಡುವಷ್ಟು ಹೊತ್ತು ಬಿಟ್ಟು ಬಂದು ಮತ್ತೆ ಒತ್ತಿದರು. ಮುಕ್ತಾಯದ ನುಡಿ ಬಂತು.

ತುರೋರಿಯಲ್ಲಿ ಅಣ್ಣ ನನ್ನನ್ನು ಕೆಳಗೆ ಕರೆದದ್ದನ್ನು ನಾನು ಇಬ್ಬರಿಗೂ ಹೇಳಿದ್ದೇನೆ. ಆ ಒಂದು ಮಾತು ಜವಾಬೇ ಇತ್ತೋ, ಬೇರೇನೋ ಇತ್ತೋ ಗೊತ್ತಿಲ್ಲ. ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಬ್ಬಿ ಸರಿಯಾಗಿ ನಡೆಯುತ್ತಿದೆ. ಇಪ್ಪತ್ತೆರಡು ಹಾಡು ಇವೆ. ಹದಿನಾಲ್ಕನೆಯದರಲ್ಲಿ ಸವಾಲ್ ಇದೆ, ಮುಕ್ತಾಯ ಇದೆ. ಜವಾಬಿನ ಮೂರು ನುಡಿ ಇಲ್ಲ.